ಒಂದೇ ತಾರೀಖು, ಬೇರೆ ಬೇರೆ ದಿನ: ‘ಇತಿಹಾಸದಲ್ಲಿ ಈ ದಿನ’ವನ್ನು ಓದುವ ಬಗೆ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಶಿಕ್ಷಕಿ. ದಿನವೂ ಬೆಳಿಗ್ಗೆ ಕರಿಹಲಗೆಯ ಮೂಲೆಯಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬ ತಲೆಬರಹದ ಕೆಳಗೆ ಒಂದೆರಡು ಘಟನೆ, ಒಂದು ಜನನ, ಒಂದು ಮರಣ ಬರೆಯುವ ರೂಢಿ ಇಟ್ಟುಕೊಂಡಿದ್ದೇನೆ. ಏಪ್ರಿಲ್ 23ರಂದು ‘ಶೇಕ್ಸ್‌ಪಿಯರ್ ಮತ್ತು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಇಬ್ಬರೂ 1616ರ ಇದೇ ದಿನ ನಿಧನರಾದರು’ ಎಂದು ಬರೆದಿದ್ದೆ. ವಿದ್ಯಾರ್ಥಿನಿಯೊಬ್ಬಳು ಎದ್ದು, ಸರ್ವಾಂಟಿಸ್ ತೀರಿಕೊಂಡದ್ದು 22ರಂದು ಎಂದು ತಾನು ಓದಿರುವುದಾಗಿ ಹೇಳಿದಳು. ಅವಳ ಪಕ್ಕದವನು, ಇಷ್ಟು ದೊಡ್ಡವರು ಒಂದೇ ದಿನ ಸಾಯುವುದರಲ್ಲಿ ಏನಾದರೂ ಅರ್ಥವಿದೆಯೇ ಎಂದು ಕೇಳಿದ. ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಇಂಥ ಪಟ್ಟಿಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ನಿಮ್ಮ ವಿದ್ಯಾರ್ಥಿನಿ ಓದಿರುವುದು ಸರಿ. ಸರ್ವಾಂಟಿಸ್ ಮ್ಯಾಡ್ರಿಡ್‌ನಲ್ಲಿ ನಿಧನರಾದದ್ದು 1616ರ ಏಪ್ರಿಲ್ 22ರಂದು. ಅವರನ್ನು ಮಣ್ಣು ಮಾಡಿದ್ದು ಮರುದಿನ. ಆ 23ನೆಯ ತಾರೀಖೇ ಮುಂದೆ ಅವರ ಮರಣದಿನವೆಂದು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿತು. ಆದರೆ ಈ ಒಂದು ದಿನದ ವ್ಯತ್ಯಾಸ ಇಲ್ಲಿನ ಚಿಕ್ಕ ತಪ್ಪು. ದೊಡ್ಡ ತೊಡಕು ಶೇಕ್ಸ್‌ಪಿಯರ್ ಅವರ ತಾರೀಖಿನಲ್ಲಿದೆ. ಅವರು ತೀರಿಕೊಂಡದ್ದು ಏಪ್ರಿಲ್ 23ರಂದೇ ಹೌದು, ಆದರೆ ಅದು ಇಂಗ್ಲೆಂಡಿನ ಏಪ್ರಿಲ್ 23. ಸ್ಪೇನ್ ಆ ಹೊತ್ತಿಗಾಗಲೇ 34 ವರ್ಷಗಳಿಂದ ಗ್ರೆಗೋರಿಯನ್ ಕ್ಯಾಲೆಂಡರನ್ನು ಅನುಸರಿಸುತ್ತಿತ್ತು, ಇಂಗ್ಲೆಂಡ್ ಇನ್ನೂ ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿಯೇ ಇತ್ತು. ಶೇಕ್ಸ್‌ಪಿಯರ್ ಕೊನೆಯುಸಿರೆಳೆದ ದಿನ ಮ್ಯಾಡ್ರಿಡ್‌ನ ಜನ ತಮ್ಮ ಪತ್ರಗಳ ಮೇಲೆ ಮೇ 3 ಎಂದು ಬರೆಯುತ್ತಿದ್ದರು. ಎಂದರೆ ಇಬ್ಬರ ಸಾವಿನ ನಡುವೆ 11 ಹಗಲು ರಾತ್ರಿಗಳ ಅಂತರವಿದೆ.

ತಾರೀಖು ಮಾತ್ರ ನೋಡಿದರೆ ಈ ಅಂತರ ಕಾಣುವುದಿಲ್ಲ. ವಾರ ನೋಡಿದರೆ ತಕ್ಷಣ ಕಾಣುತ್ತದೆ. ಸರ್ವಾಂಟಿಸ್ ತೀರಿಕೊಂಡದ್ದು ಶುಕ್ರವಾರ, ಶೇಕ್ಸ್‌ಪಿಯರ್ ತೀರಿಕೊಂಡದ್ದು ಮಂಗಳವಾರ. ನಮ್ಮ ಶಾಸನತಜ್ಞರು ಶಾಸನವೊಂದರ ಕಾಲವನ್ನು ನಿರ್ಧರಿಸುವಾಗ ಶಕವರ್ಷ, ಮಾಸ, ತಿಥಿಗಳ ಜೊತೆಗೆ ಅಲ್ಲಿ ಹೇಳಿರುವ ವಾರ ಹೊಂದುತ್ತದೆಯೇ ಎಂದು ತಾಳೆ ನೋಡುವುದು ಇದೇ ಕಾರಣಕ್ಕೆ. ತಿಂಗಳು, ತಾರೀಖುಗಳನ್ನು ಅರಸರೂ ಪೋಪರೂ ತಿದ್ದಿದ್ದಾರೆ. ಈ ತಿದ್ದುಪಡಿಗಳಲ್ಲಿ ಏಳು ದಿನಗಳ ವಾರದ ಸರಣಿಯನ್ನು ಮಾತ್ರ ಅವರು ಮುಟ್ಟಲಿಲ್ಲ.

ಎರಡು ಕ್ಯಾಲೆಂಡರುಗಳ ಜಗಳ ಹುಟ್ಟಿದ್ದು 11 ನಿಮಿಷಗಳಿಂದ. ಜೂಲಿಯಸ್ ಸೀಸರನ ಕ್ಯಾಲೆಂಡರು ವರ್ಷಕ್ಕೆ 365 ದಿನ 6 ಗಂಟೆ ಎಂದು ಹಿಡಿದು, ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ಒಂದು ದಿನವನ್ನು ಸೇರಿಸುತ್ತಿತ್ತು. ಋತುಗಳ ನಿಜವಾದ ವರ್ಷ ಅದಕ್ಕಿಂತ ಸುಮಾರು 11 ನಿಮಿಷ ಕಡಿಮೆ. ಹೀಗಾಗಿ ಸುಮಾರು 128 ವರ್ಷಕ್ಕೆ ಒಂದು ದಿನದಂತೆ ತಪ್ಪು ಕೂಡುತ್ತ ಹೋಗಿ, 16ನೆಯ ಶತಮಾನದ ಹೊತ್ತಿಗೆ, ಹಗಲು ರಾತ್ರಿ ಸಮವಾಗುವ ವಸಂತ ವಿಷುವ ಚರ್ಚಿನ ಲೆಕ್ಕಕ್ಕಿಂತ 10 ದಿನ ಮೊದಲೇ ಬಂದುಬಿಡುತ್ತಿತ್ತು. ಪೋಪ್ ಹದಿಮೂರನೆಯ ಗ್ರೆಗೊರಿ 1582ರಲ್ಲಿ ಹೊರಡಿಸಿದ ಆಜ್ಞೆಯಂತೆ ಆ ವರ್ಷದ ಅಕ್ಟೋಬರ್ 4ರ ಗುರುವಾರದ ಮರುದಿನವನ್ನು ಅಕ್ಟೋಬರ್ 15ರ ಶುಕ್ರವಾರ ಎಂದು ಎಣಿಸಲಾಯಿತು. ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕ ವರ್ಷಗಳೆಂದು ಮುಂದಿನ ಕಾಲಕ್ಕೆ ನಿಯಮವಾಯಿತು. ಸ್ಪೇನ್, ಪೋರ್ಚುಗಲ್, ಪೋಲೆಂಡ್ ಮತ್ತು ಇಟಲಿಯ ಬಹುಭಾಗ ಕೂಡಲೇ ಒಪ್ಪಿಕೊಂಡವು. ಪೋಪರ ಮಾತು ಕೇಳುವ ಮನಸ್ಸಿಲ್ಲದ ದೇಶಗಳು ಸೂರ್ಯನ ಮಾತನ್ನೂ ಕೇಳಲಿಲ್ಲ. ಬ್ರಿಟನ್ ಬದಲಾದದ್ದು 1752ರಲ್ಲಿ, ಸೆಪ್ಟೆಂಬರ್ 2ರ ಮರುದಿನ 14 ಎಂದು ಎಣಿಸಿ. ರಷ್ಯಾ 1918ರಲ್ಲಿ ಜನವರಿ 31ರಿಂದ ನೇರವಾಗಿ ಫೆಬ್ರವರಿ 14ಕ್ಕೆ ಜಿಗಿಯಿತು, ಗ್ರೀಸ್ 1923ರವರೆಗೆ ಕಾಯಿತು. ರಷ್ಯಾದ ‘ಅಕ್ಟೋಬರ್ ಕ್ರಾಂತಿ’ಯ ವಾರ್ಷಿಕೋತ್ಸವ ನವೆಂಬರ್ 7ರಂದು ಬರುವುದು ಈ ಜಿಗಿತದಿಂದಲೇ.

ಸ್ವೀಡನ್ನಿನ ಕಥೆಯನ್ನು ನಿಮ್ಮ ಮಕ್ಕಳಿಗೆ ಹೇಳಲೇಬೇಕು. ಆ ದೇಶ 1700ರಲ್ಲಿ ಮೆಲ್ಲಮೆಲ್ಲನೆ ಹೊಸ ಕ್ಯಾಲೆಂಡರಿಗೆ ಸರಿಯಲು ಹೊರಟು, ಆ ವರ್ಷದ ಅಧಿಕ ದಿನವನ್ನು ಬಿಟ್ಟಿತು. ಮುಂದಿನ ಅಧಿಕ ವರ್ಷಗಳಲ್ಲಿ ಬಿಡುವುದನ್ನು ಮರೆಯಿತು. ಹಳೆಯದಕ್ಕೂ ಹೊಂದದೆ ಹೊಸದಕ್ಕೂ ಹೊಂದದೆ ಹನ್ನೆರಡು ವರ್ಷ ಒದ್ದಾಡಿ, ಕೊನೆಗೆ ಹಳೆಯದಕ್ಕೇ ಮರಳಲು 1712ರ ಫೆಬ್ರವರಿಗೆ 30ನೆಯ ದಿನವೊಂದನ್ನು ಸೇರಿಸಿತು. ಜಗತ್ತಿನ ಇತಿಹಾಸದಲ್ಲಿ ಫೆಬ್ರವರಿ 30ರಂದು ಏನೂ ನಡೆದಿಲ್ಲ ಎಂದು ಯಾರಾದರೂ ಪಣ ಕಟ್ಟಿದರೆ ಅವರು ಸೋಲುತ್ತಾರೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ, ಆದುದರಿಂದ ನಿಮ್ಮ ಹಲಗೆಯ ಬಗ್ಗೆ ನನಗೆ ಸಹಾನುಭೂತಿಯಿದೆ. ಬರವಣಿಗೆಯ ಮೊದಲ ವರ್ಷಗಳಲ್ಲಿ ಒಂದು ಲೇಖನದಲ್ಲಿ ‘ಗೆಲಿಲಿಯೊ ಅಸ್ತಂಗತರಾದ ವರ್ಷವೇ ನ್ಯೂಟನ್ ಉದಯಿಸಿದರು’ ಎಂದು ಸ್ವಲ್ಪ ಗತ್ತಿನಿಂದಲೇ ಬರೆದಿದ್ದೆ. ಗೆಲಿಲಿಯೊ ನಿಧನರಾದ 1642ರ ಜನವರಿ 8 ಇಟಲಿಯ ಹೊಸ ಕ್ಯಾಲೆಂಡರಿನ ತಾರೀಖು. ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಇಂಗ್ಲೆಂಡಿನ ಹಳೆಯ ಕ್ಯಾಲೆಂಡರಿನದು. ಎರಡನ್ನೂ ಹೊಸ ಲೆಕ್ಕಕ್ಕೆ ತಂದರೆ ನ್ಯೂಟನ್ ಹುಟ್ಟಿದ್ದು 1643ರ ಜನವರಿ 4ರಂದು. ಎರಡನ್ನೂ ಹಳೆಯ ಲೆಕ್ಕಕ್ಕೆ ತಂದರೆ ಗೆಲಿಲಿಯೊ ತೀರಿಕೊಂಡದ್ದು 1641ರ ಡಿಸೆಂಬರ್ 29ರಂದು. ಯಾವ ಅಳತೆಗೋಲನ್ನು ಹಿಡಿದರೂ ಇಬ್ಬರೂ ಒಂದೇ ವರ್ಷದಲ್ಲಿ ಸಿಗುವುದಿಲ್ಲ. ಒಬ್ಬರನ್ನು ಒಂದು ಕೋಲಿನಿಂದಲೂ ಇನ್ನೊಬ್ಬರನ್ನು ಇನ್ನೊಂದು ಕೋಲಿನಿಂದಲೂ ಅಳೆದಾಗ ಮಾತ್ರ ಅವರು ಜೊತೆಯಾಗುತ್ತಾರೆ. ಓದುಗರೊಬ್ಬರು ಅಂಚೆ ಕಾರ್ಡಿನಲ್ಲಿ ಇದನ್ನು ತಿಳಿಸಿದಾಗ ಆದ ನಾಚಿಕೆ ಇನ್ನೂ ನೆನಪಿದೆ.

ಹೊಸ ವರ್ಷ ಎಂದು ಶುರುವಾಗುತ್ತಿತ್ತು ಎಂಬುದೂ ಇದಕ್ಕೆ ಸೇರಿಕೊಳ್ಳುತ್ತದೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ರಂದು. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗ ಬರೆದ ತಾರೀಖು 1731ರ ಫೆಬ್ರವರಿ 11; ಇಂದು ನಾವು ಓದುವುದು 1732ರ ಫೆಬ್ರವರಿ 22. ಎರಡೂ ಒಂದೇ ದಿನ.

ಕ್ಯಾಲೆಂಡರು ಒಂದೇ ಆದ ಮೇಲೂ ‘ಒಂದೇ ದಿನ’ ಎಂಬುದು ಗಟ್ಟಿಯಾಗಿ ನಿಲ್ಲುವುದಿಲ್ಲ, ಏಕೆಂದರೆ ಭೂಮಿ ದುಂಡಗಿದೆ. 1963ರ ನವೆಂಬರ್ 22ರ ಪಟ್ಟಿಯಲ್ಲಿ ಮೂವರ ಸಾವು ಒಟ್ಟಿಗೆ ಕಾಣುತ್ತದೆ: ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ, ಲೇಖಕರಾದ ಸಿ. ಎಸ್. ಲೂಯಿಸ್ ಮತ್ತು ಆಲ್ಡಸ್ ಹಕ್ಸ್‌ಲಿ. ಲೂಯಿಸ್ ಆಕ್ಸ್‌ಫರ್ಡ್‌ನ ತಮ್ಮ ಮನೆಯಲ್ಲಿ ಸಂಜೆ ಐದೂವರೆಯ ಸುಮಾರಿಗೆ ತೀರಿಕೊಂಡರು. ಅದಾದ ಸುಮಾರು ಒಂದು ಗಂಟೆಯ ಮೇಲೆ ಡಲ್ಲಾಸ್‌ನಲ್ಲಿ ಕೆನಡಿಯವರ ಮೇಲೆ ಗುಂಡು ಹಾರಿತು. ಅಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ. ಹಕ್ಸ್‌ಲಿ ಲಾಸ್ ಏಂಜಲೀಸ್‌ನಲ್ಲಿ ಸಂಜೆ 5 ಗಂಟೆ 20 ನಿಮಿಷಕ್ಕೆ ಕೊನೆಯುಸಿರೆಳೆದಾಗ ಲೂಯಿಸ್ ಅವರ ಆಕ್ಸ್‌ಫರ್ಡ್‌ನಲ್ಲಿ ನಡುರಾತ್ರಿ ಕಳೆದು ನವೆಂಬರ್ 23 ಆಗಿತ್ತು. ಮೂವರೂ ತಮ್ಮ ತಮ್ಮ ಊರಿನ 22ರಂದು ತೀರಿಕೊಂಡರು ಎನ್ನುವುದು ನಿಜ. ಗ್ರೀನಿಚ್ ಗಡಿಯಾರವೊಂದನ್ನೇ ನಂಬಿದರೆ ಮೂವರಲ್ಲಿ ಒಬ್ಬರು ಮರುದಿನಕ್ಕೆ ಜಾರುತ್ತಾರೆ.

ಇಂಥ ಜಾರುವಿಕೆ ಎಷ್ಟೋ ಸಲ ಎರಡು ಹಬ್ಬಗಳನ್ನೇ ಹುಟ್ಟಿಸಿದೆ. ನಾಜಿ ಜರ್ಮನಿಯ ಶರಣಾಗತಿ ಜಾರಿಗೆ ಬಂದ ಕ್ಷಣ ಬರ್ಲಿನ್‌ನಲ್ಲಿ 1945ರ ಮೇ 8ರ ರಾತ್ರಿ 11 ಗಂಟೆ 1 ನಿಮಿಷ. ಮಾಸ್ಕೋದಲ್ಲಿ ಅದಾಗಲೇ ಮೇ 9. ಪಶ್ಚಿಮ ಯುರೋಪ್ 8ರಂದೂ ರಷ್ಯಾ 9ರಂದೂ ಒಂದೇ ವಿಜಯವನ್ನು ಆಚರಿಸುತ್ತವೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಅಮೆರಿಕದವರಿಗೆ 1969ರ ಜುಲೈ 20ರ ರಾತ್ರಿ. ನಮಗೆ ಜುಲೈ 21ರ ಬೆಳಿಗ್ಗೆ ಎಂಟೂವರೆಯ ಹೊತ್ತು. ಪರ್ಲ್ ಹಾರ್ಬರ್ ದಾಳಿಯೂ ಹಾಗೆಯೇ, ಹವಾಯಿಯಲ್ಲಿ ಡಿಸೆಂಬರ್ 7, ಜಪಾನಿನಲ್ಲಿ 8.

ತಿಥಿಯ ಲೆಕ್ಕ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಬುದ್ಧನ ಜನನ, ಜ್ಞಾನೋದಯ, ಪರಿನಿರ್ವಾಣ ಮೂರೂ ವೈಶಾಖ ಹುಣ್ಣಿಮೆಯಂದೇ ನಡೆದವು ಎಂದು ಥೇರವಾದ ಪರಂಪರೆ ಹೇಳುವಾಗ ಅಲ್ಲಿ ‘ಒಂದೇ ದಿನ’ ಎಂದರೆ ಚಂದ್ರನ ಒಂದೇ ಕಲೆ. ಸೌರ ಕ್ಯಾಲೆಂಡರಿನಲ್ಲಿ ಆ ಹುಣ್ಣಿಮೆ ವರ್ಷವರ್ಷವೂ ಹಿಂದುಮುಂದಾಗುತ್ತ, ಸುಮಾರು 19 ವರ್ಷಕ್ಕೊಮ್ಮೆ ಹಳೆಯ ತಾರೀಖಿನ ಆಸುಪಾಸಿಗೆ ಮರಳುತ್ತದೆ. ಯುರೋಪಿನಲ್ಲಿಯೂ ಇದೇ ಬಗೆಯ ಗೊಂದಲವಿದೆ. ಚಿತ್ರಕಾರ ರಾಫೆಲ್ 1520ರ ಏಪ್ರಿಲ್ 6ರಂದು, ಗುಡ್ ಫ್ರೈಡೆಯ ದಿನ ತೀರಿಕೊಂಡರು. ಅವರು 1483ರಲ್ಲಿ ಹುಟ್ಟಿದ್ದೂ ಗುಡ್ ಫ್ರೈಡೆಯಂದೇ ಎಂದು ಜೀವನಚರಿತ್ರೆಕಾರ ವಸಾರಿ ಬರೆದರು. ಹುಟ್ಟಿದ ದಿನವೇ ತೀರಿಕೊಂಡರು ಎಂದು ಅವರ ಸಮಾಧಿಯ ಮೇಲಿನ ಬರಹ ಹೇಳುತ್ತದೆ. ಆದರೆ ಗುಡ್ ಫ್ರೈಡೆ ಹುಣ್ಣಿಮೆಯನ್ನು ಹಿಂಬಾಲಿಸುವ ಹಬ್ಬ. 1483ರಲ್ಲಿ ಅದು ಬಂದದ್ದು ಮಾರ್ಚ್ 28ರಂದು. ಸಮಾಧಿಯ ಬರಹವನ್ನು ಹಬ್ಬದ ಲೆಕ್ಕದಲ್ಲಿ ಓದಿದವರು ರಾಫೆಲರ ಹುಟ್ಟುಹಬ್ಬವನ್ನು ಮಾರ್ಚ್ 28 ಎನ್ನುತ್ತಾರೆ, ತಾರೀಖಿನ ಲೆಕ್ಕದಲ್ಲಿ ಓದಿದವರು ಏಪ್ರಿಲ್ 6 ಎನ್ನುತ್ತಾರೆ. ಐದು ಶತಮಾನ ಕಳೆದರೂ ಎರಡೂ ತಾರೀಖುಗಳು ಪುಸ್ತಕಗಳಲ್ಲಿ ಉಳಿದಿವೆ.

ಇನ್ನು ಎರಡನೆಯ ಪ್ರಶ್ನೆ, ಎಂದರೆ ಅರ್ಥದ ಪ್ರಶ್ನೆ. ದೊಡ್ಡ ಘಟನೆಗಳನ್ನು ಒಂದೇ ದಿನಕ್ಕೆ ಕಟ್ಟಿಹಾಕುವ ಆಸೆ ಬಹಳ ಹಳೆಯದು. ಗ್ರೀಕರು ಸಾಲಮಿಸ್‌ನಲ್ಲಿ ಪರ್ಷಿಯನ್ನರ ನೌಕಾಪಡೆಯನ್ನು ಸೋಲಿಸಿದ ದಿನವೇ, ಕ್ರಿ.ಪೂ. 480ರಲ್ಲಿ, ಸಿಸಿಲಿಯ ಹಿಮೆರಾದಲ್ಲಿ ಕಾರ್ಥೇಜಿನವರನ್ನೂ ಸೋಲಿಸಿದರು ಎಂಬ ಮಾತನ್ನು ಹೆರೊಡೋಟಸ್ ದಾಖಲಿಸಿದ್ದಾನೆ. ಡಿಯೊಡೋರಸ್ ಎಂಬ ಇನ್ನೊಬ್ಬ ಇತಿಹಾಸಕಾರ ಹಿಮೆರಾದ ಗೆಲುವನ್ನು ಥರ್ಮೊಪಿಲೆ ಕದನದ ದಿನಕ್ಕೆ ಜೋಡಿಸಿದ್ದಾನೆ. ಥರ್ಮೊಪಿಲೆ ನಡೆದದ್ದು ಸಾಲಮಿಸ್‌ಗಿಂತ ಮೊದಲು. ಆದ್ದರಿಂದ ಇಬ್ಬರ ಮಾತೂ ಒಟ್ಟಿಗೆ ನಿಜವಾಗಲಾರದು. ಗ್ರೀಸಿನ ಒಂದೊಂದು ನಗರಕ್ಕೂ ತನ್ನದೇ ತಿಂಗಳುಗಳ ಹೆಸರು, ತನ್ನದೇ ಅಧಿಕಮಾಸದ ಪದ್ಧತಿ ಇದ್ದ ಕಾಲದಲ್ಲಿ, ಸಮುದ್ರದಾಚೆಯ ಎರಡು ಕದನಗಳು ಒಂದೇ ದಿನ ನಡೆದವು ಎಂದು ಖಚಿತವಾಗಿ ಹೇಳಲು ಯಾರಿಗೂ ಸಾಧನವಿರಲಿಲ್ಲ. ಆಸೆಯೇ ಆಧಾರವಾಗಿತ್ತು. ಅರಿಸ್ಟಾಟಲ್ ಮಾತ್ರ ಇದೇ ಸಾಲಮಿಸ್ ಮತ್ತು ಹಿಮೆರಾಗಳನ್ನು ತನ್ನ ಕಾವ್ಯಮೀಮಾಂಸೆಯಲ್ಲಿ ಬೇರೆಯೇ ಉದ್ದೇಶಕ್ಕೆ ಬಳಸಿಕೊಂಡ: ಒಂದೇ ಕಾಲದಲ್ಲಿ ನಡೆದ ಮಾತ್ರಕ್ಕೆ ಎರಡು ಘಟನೆಗಳು ಒಂದೇ ಗುರಿಯತ್ತ ಸಾಗುತ್ತವೆ ಎಂದಲ್ಲ ಎಂಬುದಕ್ಕೆ ಅವನು ಕೊಟ್ಟ ಉದಾಹರಣೆಯೇ ಇದು. ನಿಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಇದಕ್ಕಿಂತ ಹಳೆಯ ಉತ್ತರ ನನಗೆ ಗೊತ್ತಿಲ್ಲ.

ಅಲೆಕ್ಸಾಂಡರ್ ಹುಟ್ಟಿದ ದಿನವೇ ಎಫೆಸಸ್‌ನ ಆರ್ಟೆಮಿಸ್ ದೇವಾಲಯ ಸುಟ್ಟುಹೋಯಿತೆಂಬ ಕಥೆಯನ್ನು ಪ್ಲುಟಾರ್ಕ್ ಹೇಳುತ್ತಾನೆ. ದೇವಿ ಹೆರಿಗೆ ಮಾಡಿಸಲು ಹೋಗಿದ್ದರಿಂದ ಗುಡಿಯನ್ನು ಕಾಯುವವರಿಲ್ಲದಾಯಿತು ಎಂದು ಹೆಗೆಸಿಯಸ್ ಎಂಬವನು ಚಟಾಕಿ ಹಾರಿಸಿದ್ದನಂತೆ. ಆ ಚಟಾಕಿ ಎಷ್ಟು ತಣ್ಣಗಿತ್ತೆಂದರೆ ಅದರಿಂದಲೇ ಬೆಂಕಿ ಆರಬಹುದಿತ್ತು ಎಂಬುದು ಪ್ಲುಟಾರ್ಕನ ಷರಾ.

ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎನ್ನುವ ಕಾಕತಾಳೀಯ ನ್ಯಾಯ ನಮಗೆಲ್ಲ ಗೊತ್ತು. ಆದರೆ ತೋಟದಲ್ಲಿ ಎಷ್ಟು ಕಾಗೆಗಳಿದ್ದವು, ಎಷ್ಟು ಮರಗಳಿದ್ದವು ಎಂದು ನಾವು ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದೇ. ವಿಶ್ವಕೋಶವೊಂದರಲ್ಲಿ ತಾರೀಖಿನ ಸಮೇತ 10 ಲಕ್ಷ ಜನರ ಜನನ ದಾಖಲಾಗಿದೆ ಎಂದುಕೊಳ್ಳಿ. ವರ್ಷದ ಪ್ರತಿ ದಿನದ ಪಾಲಿಗೂ ಸರಾಸರಿ 2,700ಕ್ಕೂ ಹೆಚ್ಚು ಜನ ಬರುತ್ತಾರೆ. ಅಷ್ಟು ಜನರಲ್ಲಿ ಇಬ್ಬರು ಕವಿಗಳೋ ಇಬ್ಬರು ಸೇನಾನಿಗಳೋ ಜೊತೆಯಾಗಿ ಸಿಗದಿದ್ದರೆ ಅದೇ ವಿಸ್ಮಯ.

ನಿಮ್ಮ ತರಗತಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಕೋಣೆಯಲ್ಲಿ 23 ಜನರಿದ್ದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಂಭವನೀಯತೆ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ. 50.7, 57 ಜನರಿದ್ದರೆ ಅದು ಶೇ. 99 ದಾಟುತ್ತದೆ. ಕೇಳಿದವರು ಮೊದಲು ನಂಬುವುದಿಲ್ಲ, ಏಕೆಂದರೆ ಪ್ರತಿಯೊಬ್ಬರೂ ತಮ್ಮ ಹುಟ್ಟುಹಬ್ಬವನ್ನೇ ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಾರೆ. ಆದರೆ 23 ಜನರಿಂದ 253 ಜೋಡಿಗಳಾಗುತ್ತವೆ, ಆ ಜೋಡಿಗಳಲ್ಲಿ ಯಾವುದು ಹೊಂದಿದರೂ ಆಯಿತು. ‘ನನ್ನ’ ಹುಟ್ಟುಹಬ್ಬದ ದಿನವೇ ಹುಟ್ಟಿದ ಇನ್ನೊಬ್ಬರು ಬೇಕೆಂದರೆ, ಅದೇ ಅರ್ಧದಷ್ಟು ಸಂಭವನೀಯತೆಗೆ 253 ಜನ ಬೇಕಾಗುತ್ತಾರೆ. ಎರಡೂ ಕಡೆ ಅದೇ ಸಂಖ್ಯೆ ಬಂದದ್ದು ಕಾಕತಾಳೀಯವಲ್ಲ. ಎರಡರಲ್ಲಿಯೂ ಹೋಲಿಸಿ ನೋಡುವ ಅವಕಾಶಗಳು ಅಷ್ಟೇ.

ಡಾರ್ವಿನ್ ಮತ್ತು ಲಿಂಕನ್ ಒಂದೇ ದಿನ, 1809ರ ಫೆಬ್ರವರಿ 12ರಂದು ಹುಟ್ಟಿದರು. ಇದು ವರ್ಷದ ಸಮೇತ ನಿಜವಾದ ಜೋಡಿ, ಎರಡೂ ದೇಶಗಳಲ್ಲಿ ಆಗ ಕ್ಯಾಲೆಂಡರೂ ಒಂದೇ ಆಗಿತ್ತು. ಆದರೂ ಇದರಿಂದ ಯಾವುದೂ ಹೊರಡುವುದಿಲ್ಲ. ಸ್ಟೀಫನ್ ಹಾಕಿಂಗ್ 1942ರ ಜನವರಿ 8ರಂದು, ಗೆಲಿಲಿಯೊ ತೀರಿಕೊಂಡು ಸರಿಯಾಗಿ 300 ವರ್ಷಗಳಾದ ದಿನ ಹುಟ್ಟಿದರು. ಅದನ್ನು ಹೇಳಿಕೊಳ್ಳುವುದು ಅವರಿಗೆ ಇಷ್ಟವಿತ್ತು, ಆದರೆ ಅದೇ ದಿನ ಇನ್ನೂ ಸುಮಾರು ಎರಡು ಲಕ್ಷ ಮಕ್ಕಳು ಹುಟ್ಟಿರಬಹುದೆಂದು ಸೇರಿಸುವುದನ್ನೂ ಅವರು ಮರೆಯಲಿಲ್ಲ. ಅವರು ತೀರಿಕೊಂಡ 2018ರ ಮಾರ್ಚ್ 14 ಐನ್‌ಸ್ಟೈನ್ ಅವರ ಜನ್ಮದಿನವಾಗಿತ್ತು. ಅದೇ ದಿನ ಕಾರ್ಲ್ ಮಾರ್ಕ್ಸ್ ಅವರ ಪುಣ್ಯತಿಥಿಯೂ ಹೌದು. ಅದನ್ನು ಮಾತ್ರ ಯಾರೂ ಹಾಕಿಂಗ್ ಅವರೊಡನೆ ಜೋಡಿಸಲಿಲ್ಲ. ಹೊಂದಿಕೊಳ್ಳುವುದನ್ನು ಹೆಕ್ಕಿ, ಹೊಂದದ್ದನ್ನು ಬಿಡುವುದರಿಂದಲೇ ಇಂಥ ಜೋಡಿಗಳಿಗೆ ಹೊಳಪು ಬರುತ್ತದೆ.

ಹಾಗಾದರೆ ಎಲ್ಲವೂ ಬರಿಯ ಆಕಸ್ಮಿಕವೇ? ಅಲ್ಲ. ನನ್ನ ಮಟ್ಟಿಗೆ ಈ ಪಟ್ಟಿಗಳಲ್ಲಿ ನಿಜವಾಗಿ ಓದಬೇಕಾದದ್ದು ತಾರೀಖೇ ಘಟನೆಯನ್ನು ತನ್ನತ್ತ ಎಳೆದುಕೊಂಡ ಸಂದರ್ಭಗಳನ್ನು. ನೆಪೋಲಿಯನ್ 1804ರ ಡಿಸೆಂಬರ್ 2ರಂದು ಚಕ್ರವರ್ತಿಯಾಗಿ ಕಿರೀಟ ಧರಿಸಿದ. ಮರುವರ್ಷ ಅದೇ ದಿನ ಆಸ್ಟರ್‌ಲಿಟ್ಜ್‌ನಲ್ಲಿ ಅವನಿಗೆ ದೊಡ್ಡ ಗೆಲುವು ಸಿಕ್ಕಿತು. ಅವನ ತಮ್ಮನ ಮಗ ಲೂಯಿ ನೆಪೋಲಿಯನ್ 1851ರಲ್ಲಿ ಅಧಿಕಾರ ಕಸಿದುಕೊಳ್ಳಲು ಡಿಸೆಂಬರ್ 2ನ್ನೇ ಆರಿಸಿಕೊಂಡ. ಮರುವರ್ಷ ಅದೇ ದಿನ ತಾನೂ ಚಕ್ರವರ್ತಿಯೆಂದು ಘೋಷಿಸಿಕೊಂಡ. ನಾಲ್ಕು ಘಟನೆಗಳು ಒಂದೇ ತಾರೀಖಿನಲ್ಲಿವೆ. ಕೊನೆಯ ಎರಡರ ಹಿಂದೆ ಮೊದಲಿನ ಎರಡರ ನೆನಪು ಕೆಲಸ ಮಾಡಿದೆ. ಪ್ರಷ್ಯಾ ರಾಜ್ಯದ ಮೊದಲ ಪಟ್ಟಾಭಿಷೇಕ 1701ರ ಜನವರಿ 18ರಂದು ನಡೆದಿತ್ತು. ಜರ್ಮನ್ ಸಾಮ್ರಾಜ್ಯವನ್ನು ವರ್ಸೇಲ್ಸ್ ಅರಮನೆಯಲ್ಲಿ ಘೋಷಿಸಿದ್ದು 1871ರ ಅದೇ ದಿನ. ಸೋತ ಜರ್ಮನಿಯ ಭವಿಷ್ಯವನ್ನು ತೀರ್ಮಾನಿಸುವ ಪ್ಯಾರಿಸ್ ಶಾಂತಿ ಸಮ್ಮೇಳನ ಆರಂಭವಾದದ್ದು 1919ರ ಅದೇ ದಿನ. ಸೇಡಿಗೂ ಕ್ಯಾಲೆಂಡರು ಬೇಕಾಗುತ್ತದೆ.

ಭಾರತದ ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ರಂದು. ಅದು ಪೂರ್ಣವಾಗಿ ಜಾರಿಗೆ ಬರಲು ಎರಡು ತಿಂಗಳು ಕಾದದ್ದು 1930ರ ಜನವರಿ 26ರ ಪೂರ್ಣ ಸ್ವರಾಜ್ಯ ದಿನದ ನೆನಪಿಗಾಗಿ. ಆಗಸ್ಟ್ 15ನ್ನು ಆರಿಸಿದ ಮೌಂಟ್‌ಬ್ಯಾಟನ್, ಅದು ಜಪಾನಿನ ಶರಣಾಗತಿಯ ಎರಡನೆಯ ವಾರ್ಷಿಕ ದಿನವಾಗಿತ್ತೆಂದು ಮುಂದೆ ಹೇಳಿಕೊಂಡರು. ಅದೇ ಆಗಸ್ಟ್ 15 ಶ್ರೀ ಅರವಿಂದರ ಜನ್ಮದಿನವೂ ಹೌದು, ಅವರು ಹುಟ್ಟಿದ್ದು 1872ರಲ್ಲಿ. ಇದು ಮಾತ್ರ ಆಕಸ್ಮಿಕ. ಒಂದೇ ತಾರೀಖಿನ ಕೆಳಗೆ ಆಯ್ಕೆಯೂ ಆಕಸ್ಮಿಕವೂ ಹೀಗೆ ಅಕ್ಕಪಕ್ಕದಲ್ಲಿ ಕೂತಿರುತ್ತವೆ.

ಇದನ್ನು ಮಕ್ಕಳಿಗೆ ತೋರಿಸಲು ಜರ್ಮನಿಯ ನವೆಂಬರ್ 9ಕ್ಕಿಂತ ಒಳ್ಳೆಯ ಪಾಠ ಸಿಗಲಾರದು. 1918ರ ಆ ದಿನ ಜರ್ಮನ್ ಚಕ್ರವರ್ತಿ ಕೈಸರನ ಪದತ್ಯಾಗ ಪ್ರಕಟವಾಗಿ ಗಣರಾಜ್ಯ ಘೋಷಣೆಯಾಯಿತು. ಆ ಗಣರಾಜ್ಯವನ್ನು ದ್ವೇಷಿಸುತ್ತಿದ್ದ ಹಿಟ್ಲರ್ ಮತ್ತವನ ಸಂಗಡಿಗರು, ಅದರ ಐದನೆಯ ವಾರ್ಷಿಕದ ಹೊಸ್ತಿಲಲ್ಲಿ, 1923ರ ನವೆಂಬರ್ 8ರ ರಾತ್ರಿ ಮ್ಯೂನಿಕ್‌ನಲ್ಲಿ ದಂಗೆಯೆದ್ದು 9ರಂದು ಸೋತರು. ಅಧಿಕಾರಕ್ಕೆ ಬಂದ ಮೇಲೆ ನಾಜಿಗಳು ಆ ಸೋಲಿನ ದಿನವನ್ನು ವರ್ಷವರ್ಷವೂ ಸ್ಮರಿಸತೊಡಗಿದರು. 1938ರಲ್ಲಿ ಪ್ಯಾರಿಸ್‌ನಲ್ಲಿ ಗುಂಡೇಟು ತಿಂದಿದ್ದ ಜರ್ಮನ್ ರಾಜತಾಂತ್ರಿಕನೊಬ್ಬ ತೀರಿಕೊಂಡ ಸುದ್ದಿ ಬಂದಾಗ ಪಕ್ಷದ ನಾಯಕರೆಲ್ಲ ಮ್ಯೂನಿಕ್‌ನಲ್ಲಿ ಒಂದೇ ಸೂರಿನಡಿ ಸೇರಿದ್ದುದು ಆ ಸ್ಮರಣೆಗೆಂದೇ. ದೇಶದಾದ್ಯಂತ ಯೆಹೂದಿಗಳ ಮೇಲೆ ದಾಳಿ ನಡೆಸುವ ಪ್ರಚೋದನೆ ಅಲ್ಲಿಂದಲೇ ಹೊರಟಿತು. ಸಾವಿನ ದಿನ ಆಕಸ್ಮಿಕ, ಸಭೆಯ ದಿನ ಆಕಸ್ಮಿಕವಲ್ಲ. ಎರಡೂ ಕೂಡಿದ್ದರಿಂದ ಆ ರಾತ್ರಿ ಅಷ್ಟು ಘೋರವಾಯಿತು. ಬರ್ಲಿನ್ ಗೋಡೆ ತೆರೆದದ್ದೂ ನವೆಂಬರ್ 9ರಂದೇ, 1989ರಲ್ಲಿ. ಆದರೆ ಅದು ಶುದ್ಧ ಎಡವಟ್ಟು. ಪೂರ್ವ ಜರ್ಮನಿಯ ಹೊಸ ಪ್ರಯಾಣ ನಿಯಮ ಜಾರಿಗೆ ಬರಬೇಕಿದ್ದುದು ಮರುದಿನ. ಪತ್ರಿಕಾಗೋಷ್ಠಿಯಲ್ಲಿ ಕೇಳಿದಾಗ ವಕ್ತಾರ ಶಾಬೋವ್‌ಸ್ಕಿ ಕಾಗದ ತಿರುವಿಹಾಕಿ ‘ಈಗಿನಿಂದಲೇ’ ಎಂಬರ್ಥದ ಮಾತು ಹೇಳಿಬಿಟ್ಟರು, ಜನ ಗಡಿಗೆ ನುಗ್ಗಿದರು. 1938ರ ನೆನಪು ಆ ತಾರೀಖಿನ ಮೇಲಿದ್ದುದರಿಂದ ನವೆಂಬರ್ 9 ರಾಷ್ಟ್ರೀಯ ದಿನವಾಗಲಿಲ್ಲ. ಜರ್ಮನಿ ಒಂದಾದ 1990ರ ಅಕ್ಟೋಬರ್ 3ಕ್ಕೆ ಆ ಗೌರವ ಸಂದಿತು. ಒಂದೇ ತಾರೀಖಿನ ನಾಲ್ಕು ಸಾಲುಗಳಲ್ಲಿ ದ್ವೇಷ, ಸ್ಮರಣೆ, ಆಕಸ್ಮಿಕ, ಎಡವಟ್ಟು ಎಲ್ಲವೂ ಇವೆ.

ಸಾವನ್ನು ತಾರೀಖು ಎಳೆಯಬಲ್ಲದೇ ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 50 ವರ್ಷ ತುಂಬಿದ 1826ರ ಜುಲೈ 4ರಂದು ಜೆಫರ್ಸನ್ ಮತ್ತು ಜಾನ್ ಆಡಮ್ಸ್ ಕೆಲವೇ ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಐದು ವರ್ಷಗಳ ನಂತರ ಮನ್ರೋ ಕೂಡ ಅದೇ ತಾರೀಖಿನಂದು ಹೋದರು. ಹೀಗೆ ಮೊದಲ ಐವರು ಅಧ್ಯಕ್ಷರಲ್ಲಿ ಮೂವರು ಜುಲೈ 4ರ ಪಾಲಾದರು. ಇಬ್ಬರು ವ್ಯಕ್ತಿಗಳು ಮೊದಲೇ ಗೊತ್ತುಮಾಡಿದ ಒಂದು ತಾರೀಖಿನಂದೇ ಸಾಯುವ ಸಂಭವನೀಯತೆ ಬರಿಯ ಲೆಕ್ಕದಲ್ಲಿ 1,33,225ರಲ್ಲಿ ಒಂದು. ಆದರೆ ಅವರು ಲೆಕ್ಕದ ಗುಂಡುಗಳಲ್ಲ: ಆಡಮ್ಸ್‌ಗೆ 90 ವರ್ಷ, ಜೆಫರ್ಸನ್‌ಗೆ 83, ಇಬ್ಬರೂ ಹಾಸಿಗೆ ಹಿಡಿದಿದ್ದರು, ಇಬ್ಬರಿಗೂ ಆ ದಿನ ಬರುತ್ತಿರುವುದು ಗೊತ್ತಿತ್ತು. ನಾಲ್ಕನೆಯ ಅಧ್ಯಕ್ಷ ಮ್ಯಾಡಿಸನ್ 1836ರ ಜೂನ್ 28ರಂದು, ಆರೇ ದಿನ ಮೊದಲು ತೀರಿಕೊಂಡರು. ಅವರ ಹೆಸರು ಯಾವ ವಿಸ್ಮಯದ ಪಟ್ಟಿಯಲ್ಲಿಯೂ ಇಲ್ಲ. ಸ್ವಿಟ್ಜರ್ಲೆಂಡಿನ 20 ಲಕ್ಷಕ್ಕೂ ಹೆಚ್ಚು ಮರಣ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಜನರು ತಮ್ಮ ಹುಟ್ಟುಹಬ್ಬದಂದು ಸಾಯುವುದು ನಿರೀಕ್ಷೆಗಿಂತ ಸುಮಾರು ಶೇ. 14ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಕಾರಣ ಸಂಭ್ರಮದ ಒತ್ತಡವಿರಬಹುದು. ಗುಮಾಸ್ತನೊಬ್ಬ ಜನನದ ದಿನವನ್ನೇ ಮರಣದ ಅಂಕಣದಲ್ಲಿ ತುಂಬಿದ ತಪ್ಪುಗಳೂ ಇಂಥ ಲೆಕ್ಕಗಳಲ್ಲಿ ನುಸುಳಬಹುದು. ಕೊನೆಯದನ್ನು ಎಂದೂ ಮರೆಯಬಾರದು.

ದಾಖಲೆಯ ತಪ್ಪುಗಳ ಬಗ್ಗೆ ಎರಡು ಮಾತು. ಶೇಕ್ಸ್‌ಪಿಯರ್ ಏಪ್ರಿಲ್ 23ರಂದೇ ಹುಟ್ಟಿ ಅದೇ ದಿನ ತೀರಿಕೊಂಡರು ಎಂದು ನೀವು ಮುಂದಿನ ವರ್ಷ ಬರೆಯುವ ಮೊದಲು ನೆನಪಿಡಿ: ದಾಖಲೆಯಲ್ಲಿರುವುದು 1564ರ ಏಪ್ರಿಲ್ 26ರ ದೀಕ್ಷಾಸ್ನಾನ ಮಾತ್ರ, ಹುಟ್ಟಿದ ದಿನ ಅಭಿಮಾನಿಗಳ ಊಹೆ. ಬೇಥೋವನ್ ಅವರದೂ 1770ರ ಡಿಸೆಂಬರ್ 17ರ ದೀಕ್ಷಾಸ್ನಾನದ ದಾಖಲೆಯೇ. ಇನ್ನು ಜನವರಿ 1ರಂದು ಹುಟ್ಟಿದವರ ಪಟ್ಟಿ ಅಸಹಜವಾಗಿ ಉದ್ದವಿದ್ದರೆ ಅದನ್ನು ಅನುಮಾನದಿಂದಲೇ ನೋಡಿ. ವರ್ಷ ಮಾತ್ರ ಗೊತ್ತಿರುವವರಿಗೆ ಕಚೇರಿಗಳೂ ಕಂಪ್ಯೂಟರುಗಳೂ ಕೊಡುವ ತಾರೀಖು ಅದು. ಇದಕ್ಕೆ ತದ್ವಿರುದ್ಧವಾದದ್ದು ಫೆಬ್ರವರಿ 29. ಆ ತಾರೀಖನ್ನು ಯಾರೂ ಊಹೆಯಿಂದ ತುಂಬುವುದಿಲ್ಲ. ಮೊರಾರ್ಜಿ ದೇಸಾಯಿ ಹುಟ್ಟಿದ್ದು 1896ರ ಫೆಬ್ರವರಿ 29ರಂದು. 1900 ಅಧಿಕ ವರ್ಷವಲ್ಲದ ಕಾರಣ ಅವರ ಮೊದಲ ನಿಜವಾದ ಹುಟ್ಟುಹಬ್ಬ ಬಂದದ್ದು ಎಂಟು ವರ್ಷಗಳ ಮೇಲೆ, 1904ರಲ್ಲಿ. ಅದೇ ದಿನ ರುಕ್ಮಿಣಿ ದೇವಿ ಅರುಂಡೇಲ್ ಹುಟ್ಟಿದರು.

ನಿಮ್ಮ ಹಲಗೆಯನ್ನು ಅಳಿಸಬೇಕಾಗಿಲ್ಲ. ವರ್ಷವನ್ನು ಬಿಡದೆ ಬರೆಯಿರಿ. 1582ರಿಂದ 1923ರವರೆಗಿನ ಘಟನೆಯಾದರೆ ಯಾವ ದೇಶ, ಯಾವ ಕ್ಯಾಲೆಂಡರು ಎಂದು ಒಮ್ಮೆ ಕೇಳಿಕೊಳ್ಳಿ. ಎರಡು ಸಾಲುಗಳು ಒಂದೇ ತಾರೀಖಿನಲ್ಲಿ ಸಿಕ್ಕಾಗ, ಎರಡನೆಯದನ್ನು ಮಾಡಿದವರಿಗೆ ಮೊದಲನೆಯದು ಗೊತ್ತಿತ್ತೇ ಎಂದು ಮಕ್ಕಳನ್ನು ಕೇಳಿ. ಏಪ್ರಿಲ್ 23ಕ್ಕೆ ಹೀಗೆ ಬರೆಯಬಹುದು: ‘1616: ಮ್ಯಾಡ್ರಿಡ್‌ನಲ್ಲಿ ಸರ್ವಾಂಟಿಸ್ ಅವರ ಅಂತ್ಯಸಂಸ್ಕಾರ. ಅವರ ಮರಣದಿಂದ ಹನ್ನೊಂದು ದಿನಗಳ ಅಂತರದಲ್ಲಿ ಇಂಗ್ಲೆಂಡಿನವರು ಏಪ್ರಿಲ್ 23 ಎಂದೂ ಸ್ಪೇನಿನವರು ಮೇ 3 ಎಂದೂ ಕರೆದ ದಿನ ಶೇಕ್ಸ್‌ಪಿಯರ್ ನಿಧನ.’ ಸರ್ವಾಂಟಿಸ್ ತೀರಿಕೊಂಡ ದಿನದಿಂದ ಹನ್ನೊಂದನ್ನು ಮಕ್ಕಳೇ ಎಣಿಸಲಿ. ಯುನೆಸ್ಕೊ 1995ರಲ್ಲಿ ಏಪ್ರಿಲ್ 23ನ್ನು ವಿಶ್ವ ಪುಸ್ತಕ ದಿನವೆಂದು ಆರಿಸಿದ್ದು ಈ ಲೇಖಕರ ಮರಣದಿನಗಳನ್ನು ನೆನೆದೇ; ಆದ್ದರಿಂದ ತಪ್ಪು ಜೋಡಿಯೊಂದು ನಿಜವಾದ ಹಬ್ಬವನ್ನು ಕೊಟ್ಟಿದೆ ಎಂಬ ಸಾಲನ್ನೂ ಸೇರಿಸಿದರೆ ಆ ವಿದ್ಯಾರ್ಥಿನಿಗೆ ಸಂತೋಷವಾದೀತು.

ಅಕ್ಟೋಬರ್ ಬಂದಾಗ ಇನ್ನೊಂದನ್ನು ಬರೆಯಿರಿ. ಸ್ಪೇನಿನ ಸಂತ ತೆರೇಸಾ, ಆವಿಲಾದವರು, 1582ರ ಅಕ್ಟೋಬರ್ 4ರ ರಾತ್ರಿ ತೀರಿಕೊಂಡರು. ಬೆಳಗಾದಾಗ ಅಕ್ಟೋಬರ್ 15 ಆಗಿತ್ತು, ಅವರ ಹಬ್ಬ ಇಂದಿಗೂ 15ರಂದೇ. ನಡುವಿನ 5ರಿಂದ 14ರವರೆಗೆ, ಆ ವರ್ಷ ಸ್ಪೇನಿನಲ್ಲಿ ಯಾರೂ ಹುಟ್ಟಲಿಲ್ಲ, ಯಾರೂ ಸಾಯಲಿಲ್ಲ.